ವೈಟ್‌ಬಾರ್ಕ್ ಪೈನ್: ಸುಮ್ಮನಿರಿ ಎನ್ನುವವರಿಗೆ ಉತ್ತರ

ಅಮೆರಿಕ ಮತ್ತು ಕೆನಡಾದ ಪಶ್ಚಿಮದ ಎತ್ತರದ ಬೆಟ್ಟಗಳಲ್ಲಿ, ಬೇರೆ ಹೆಚ್ಚಿನ ಮರಗಳು ನಿಲ್ಲಲಾರದ ಗಾಳಿ–ಹಿಮದ ನಡುವೆ ಬೆಳೆಯುವ ವೈಟ್‌ಬಾರ್ಕ್ ಪೈನ್ ಸಾಯುತ್ತಿದೆ. ಅಮೆರಿಕದಲ್ಲಿ ನಿಂತಿರುವ ಈ ಜಾತಿಯ ಮರಗಳಲ್ಲಿ ಅರ್ಧದಷ್ಟು 2016ರ ವೇಳೆಗೇ ಒಣಗಿದ್ದವು. ಕೆನಡಾ 2012ರಲ್ಲಿ, ಅಮೆರಿಕ 2022ರ ಡಿಸೆಂಬರ್‌ನಲ್ಲಿ ಇದನ್ನು ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿದವು. ಆದರೂ ರೋಗ ತಾಳುವ ಸಸಿ ಬೆಳೆಸಿ ಬೆಟ್ಟದಲ್ಲಿ ನೆಡುವ ಕೆಲಸಕ್ಕೆ ವಿರೋಧ ನಿಂತಿಲ್ಲ. ವಿರೋಧಿಸುವವರಲ್ಲಿ ಹಲವರು ಕಾಡನ್ನು ಮನಸಾರೆ ಪ್ರೀತಿಸುವವರು. ಅದಕ್ಕೇ ಅವರ ಮಾತುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ವನ್ಯಪ್ರದೇಶದಲ್ಲಿ ಮನುಷ್ಯ ಕೈಯಾಡಿಸಬಾರದು ಎನ್ನುತ್ತಾರೆ. ಅಮೆರಿಕದ 1964ರ ವನ್ಯಪ್ರದೇಶ ಕಾಯಿದೆಯ ಆಶಯವೂ ಅದೇ, ಅದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಈ ಮರವನ್ನು ಕೊಲ್ಲುತ್ತಿರುವ ತುಕ್ಕುರೋಗ ಆ ಬೆಟ್ಟದ್ದಲ್ಲ. 1910ರ ಸುಮಾರಿಗೆ ಫ್ರಾನ್ಸಿನಿಂದ ವ್ಯಾಂಕೂವರ್‌ಗೆ ತರಿಸಿದ ಪೈನ್ ಸಸಿಗಳ ಜೊತೆ ಬಂದಿಳಿದ ಶಿಲೀಂಧ್ರ ಅದು. ಕಾಡ್ಗಿಚ್ಚನ್ನು ದಶಕಗಟ್ಟಲೆ ಆರಿಸುತ್ತ ಬಂದು, ನೆರಳಲ್ಲೇ ಬೆಳೆಯಬಲ್ಲ ಫರ್ ಮರಗಳು ಇದರ ಜಾಗ ಆಕ್ರಮಿಸುವಂತೆ ಮಾಡಿದ್ದೂ ನಾವೇ. ಕೈಯಾಡಿಸಿ ನೂರು ವರ್ಷ ಕಳೆದಿದೆ. ಈಗ ದೂರ ಸರಿದು ನಿಂತರೆ ಆ ಹಾನಿಯನ್ನು ಹಾಗೇ ಬಿಟ್ಟುಹೋದಂತಾಗುತ್ತದೆ. ಬೆಟ್ಟಬೆಟ್ಟಕ್ಕೂ ಯಂತ್ರ ಇಳಿಸಬೇಡಿ ಎಂಬ ಮಾತನ್ನು ಮಾತ್ರ ಒಪ್ಪುತ್ತೇನೆ. ನಡೆದುಹೋಗಿ ಕೈಯಲ್ಲಿ ನೆಡಬಹುದಾದ ಕಡೆ ಹಾಗೆಯೇ ನೆಡಲಿ.

ಇದಕ್ಕಿಂತ ಹೆಚ್ಚು ಜನರನ್ನು ಒಪ್ಪಿಸಿರುವ ವಾದ ಇನ್ನೊಂದಿದೆ: ರೋಗ ತಾಳುವ ಮರಗಳು ಹೇಗೂ ಉಳಿಯುತ್ತವೆ, ಅವು ತಾವಾಗಿಯೇ ಹರಡಲಿ. ಬೇರೆ ಮರವಾಗಿದ್ದರೆ ನಾನೂ ತಲೆಯಾಡಿಸುತ್ತಿದ್ದೆ. ಆದರೆ ವೈಟ್‌ಬಾರ್ಕ್ ಪೈನಿನ ಕಾಯಿ ಮಾಗಿದರೂ ತಾನಾಗಿ ಬಿರಿಯುವುದಿಲ್ಲ, ಬೀಜಕ್ಕೆ ಹಾರುವ ರೆಕ್ಕೆಯೂ ಇಲ್ಲ. ಕಾಗೆಯ ಕುಲದ ಕ್ಲಾರ್ಕ್ಸ್ ನಟ್‌ಕ್ರ್ಯಾಕರ್ ಎಂಬ ಹಕ್ಕಿ ಕಾಯಿಯನ್ನು ಕುಕ್ಕಿ ಒಡೆದು, ನಾಲಗೆಯಡಿಯ ಚೀಲದಲ್ಲಿ ಬೀಜ ತುಂಬಿಕೊಂಡು ಹೋಗಿ, ಚಳಿಗಾಲದ ಕೂಳಿಗೆಂದು ಅಲ್ಲಲ್ಲಿ ಮಣ್ಣಲ್ಲಿ ಹುದುಗಿಸುತ್ತದೆ. ತಿನ್ನದೆ ಬಿಟ್ಟ ಬೀಜವೇ ಮುಂದಿನ ಮರ. ತುಕ್ಕುರೋಗ ಕಾಯಿ ಬಿಡುವ ಮೇಲಿನ ಕೊಂಬೆಗಳನ್ನೇ ಎಷ್ಟೋ ಸಲ ಮೊದಲು ಒಣಗಿಸುತ್ತದೆ. ಕಾಯಿ ತೀರಾ ಕಡಿಮೆಯಾದ ಕಾಡಿಗೆ ಹಕ್ಕಿ ಬರುವುದನ್ನೇ ಬಿಡುತ್ತದೆ, ಬಂದರೂ ಸಿಕ್ಕಷ್ಟನ್ನು ತಿಂದುಮುಗಿಸುತ್ತದೆ. ಬೆಟ್ಟದಲ್ಲಿ ಹತ್ತು ಗಟ್ಟಿ ಮರಗಳು ಉಳಿದಿದ್ದರೂ ಅವುಗಳ ಬೀಜ ಬಿತ್ತುವವರಿಲ್ಲ! ಸಾಲದ್ದಕ್ಕೆ, ಮರ ಚೆನ್ನಾಗಿ ಕಾಯಿ ಬಿಡಲು ಅರುವತ್ತು–ಎಂಬತ್ತು ವರ್ಷ ಬೇಕು. ಕಾದು ನೋಡೋಣ ಎನ್ನುವವರು ಈ ಲೆಕ್ಕವನ್ನೊಮ್ಮೆ ಹಾಕಬೇಕು.

ಪ್ರಯೋಗಾಲಯದ ಕೃತಕ ಮರ ಎಂಬ ದೂರಂತೂ ತಪ್ಪು ತಿಳಿವಳಿಕೆ. ರೋಗ ಬಡಿದ ಕಾಡಲ್ಲೇ ಬದುಕಿ ನಿಂತ ಮರ ಹುಡುಕಿ, ಹತ್ತಿ, ಹಕ್ಕಿ–ಅಳಿಲು ಮುಟ್ಟದಂತೆ ಎಳೆಗಾಯಿಗೆ ತಂತಿಬಲೆ ಕಟ್ಟಿ, ಮಾಗಿದ ಮೇಲೆ ಬೀಜ ತರುತ್ತಾರೆ. ಓರೆಗಾನ್‌ನ ಡೊರೀನಾ ಕೇಂದ್ರದಲ್ಲಿ ಆ ಬೀಜದಿಂದ ಬೆಳೆಸಿದ ಸಸಿಗಳಿಗೆ ಬೇಕೆಂದೇ ರೋಗ ತಗುಲಿಸಿ ವರ್ಷಗಟ್ಟಲೆ ಗಮನಿಸುತ್ತಾರೆ. ತಾಳಿಕೊಳ್ಳುವ ಗುಣ ಮರದ್ದೇ.

ನಾಟಾಕ್ಕೆ ಬಾರದ ಮರಕ್ಕೇಕೆ ಹಣ? ಯೆಲ್ಲೋಸ್ಟೋನಿನ ಗ್ರಿಜ್ಲಿ ಕರಡಿ ಚಳಿಗಾಲಕ್ಕೆ ಮುನ್ನ, ಅಳಿಲುಗಳು ಕೂಡಿಟ್ಟ ಇದರ ಕೊಬ್ಬಿನ ಬೀಜ ತಿಂದು ಮೈತುಂಬಿಕೊಳ್ಳುತ್ತದೆ. ಇದರ ನೆರಳಲ್ಲಿ ಹಿಮ ನಿಧಾನವಾಗಿ ಕರಗಿ ತೊರೆಗಳಿಗಿಳಿಯುತ್ತದೆ. ನನಗೆ ಇಷ್ಟು ಸಾಕು.

ಕೊನೆಯ ಆಕ್ಷೇಪಣೆ ಗಟ್ಟಿಯಾದದ್ದು: ಭೂಮಿ ಬಿಸಿಯಾಗುತ್ತಿದೆ, ತುದಿಯಲ್ಲಿರುವ ಮರ ಇನ್ನೆಲ್ಲಿಗೆ ಏರೀತು? ಚಳಿ ಕಡಿಮೆಯಾದದ್ದರಿಂದ ತೊಗಟೆ ಕೊರೆಯುವ ದುಂಬಿಗಳು ಬದುಕುಳಿದು, 2000ರ ನಂತರ ಲಕ್ಷಗಟ್ಟಲೆ ಮರಗಳನ್ನು ಕೊಂದದ್ದೂ ನಿಜ. ಆದರೆ ಬ್ರಿಟಿಷ್ ಕೊಲಂಬಿಯಾದಲ್ಲಿ, ಮರದ ಈಗಿನ ಎಲ್ಲೆಯಿಂದ ಉತ್ತರಕ್ಕೆ ಪ್ರಯೋಗಕ್ಕೆಂದು ಬಿತ್ತಿದ ಬೀಜಗಳು ಮೊಳೆತಿವೆ. ಮರಕ್ಕೆ ಹೋಗಲು ಜಾಗವಿದೆ, ಒಯ್ಯಲು ಬೀಜ ಬೇಕು. ರೋಗ ತಾಳಿದ ಮರವೂ ದುಂಬಿಗೆ, ಬೆಂಕಿಗೆ ಬಲಿಯಾಗಬಹುದು. ಗುರುತು ಮಾಡಿಟ್ಟ ಮರಗಳು ನಿಂತಿರುವಾಗಲೇ, ಕಾಯಿ ಕಚ್ಚಿದ ಪ್ರತಿ ಬೇಸಿಗೆಯಲ್ಲೂ ಬಲೆ ಕಟ್ಟಿ ಬೀಜ ತರುವ ಕೆಲಸಕ್ಕೆ ದಯವಿಟ್ಟು ಅಡ್ಡಿಮಾಡಬೇಡಿ.