ಗೀಜಗನ ಮರಿ
ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವಾಗ ಈ ವಾರ ಹಾಳುಬಾವಿಯೊಂದರ ಮೇಲೆ ಬಾಗಿದ ಜಾಲಿಯ ಮರವನ್ನು ಕಂಡೆನು. ಗೀಜಗನ ಗೂಡುಗಳೆಲ್ಲವೂ ಅದರ ಮೂಡಣ ಕೊಂಬೆಗಳಲ್ಲಿಯೇ ತೂಗುತ್ತಿದ್ದುವು, ಮುಂಗಾರಿನ ಗಾಳಿ ಬಡಿಯುವ ಪಡುವಣ ಮಗ್ಗುಲು ಬರಿದಾಗಿದ್ದಿತು. ಹಿಮಾಲಯವನ್ನು ದಾಟಿ ಚಳಿಗಾಲದಲ್ಲಿ ಇಲ್ಲಿಯೇ ಸಮೀಪದ ಮಾಗಡಿಯ ಕೆರೆಗಿಳಿಯುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಲು ಜನರು ದೂರದಿಂದ ಬರುವರು, 2024ರಲ್ಲಿ ಆ ಕೆರೆಗೆ ಜೌಗುಭೂಮಿಗಳಿಗೆ ಸಲ್ಲುವ ಅಂತರರಾಷ್ಟ್ರೀಯ ರಾಮ್ಸಾರ್ ಮನ್ನಣೆಯೂ ದೊರೆಯಿತು, ಸಂತೋಷ. ಆದರೆ ಋತುವು ಪ್ರತಿಕೂಲವಾದೊಡನೆ ದೇಶವನ್ನೇ ಬದಲಿಸಬಲ್ಲ ಆ ಸಮರ್ಥ ಪಥಿಕರಿಗಿಂತ, ಗೇಣಷ್ಟೂ ಸರಿಯಲಾರದ ಈ ಗೂಡುಗಳೊಳಗಿನ ಕಣ್ದೆರೆಯದ, ಗರಿಯಿಲ್ಲದ ಮರಿಗಳಲ್ಲಿಯೇ ನನ್ನ ಮನಸ್ಸು ನೆಟ್ಟಿತು. ಮೊಟ್ಟೆಯೊಡೆದ ಮೊದಲ ದಿನಗಳಲ್ಲಿ ಸ್ವದೇಹದ ಉಷ್ಣವನ್ನು ಕಾಯ್ದುಕೊಳ್ಳುವ ಶಕ್ತಿ ಮರಿಗಿಲ್ಲ. ತಾಯಿಯ ಒಡಲಿನ ಬಿಸಿ, ಹೆಣೆದ ಹುಲ್ಲಿನ ಗೋಡೆ, ಇವೆರಡೇ ಅದರ ಆಶ್ರಯ. ಕಾಳು ತಿನ್ನುವನೆಂದು ರೈತನು ಶಪಿಸುವ ಗೀಜಗನು ಮರಿಗೆ ಉಣಿಸುವುದು ಹೆಚ್ಚಾಗಿ ಹೊಲದ ಹುಳುಗಳನ್ನೇ. ಮಳೆ ತಡೆದರೆ ನೇಯಲು ಹಸಿ ಹುಲ್ಲಿಲ್ಲ, ಹುಳುವೂ ವಿರಳ, ಮರಿಯು ಕೃಶವಾಗುವುದು. ಜಡಿಮಳೆ ಬಿಡದೆ ಹಿಡಿದರೆ ತಾಯಿ ಮರಿಯನ್ನು ಬೆಚ್ಚಗಿಡಬೇಕೋ ಮೇವಿಗೆ ಹಾರಬೇಕೋ ಎಂಬ ದಾರುಣ ಸಂಕಟ. ಮುಂಡರಗಿಯ ಎರೆಹೊಲಗಳಲ್ಲಿ ಬಿತ್ತನೆಯಿಂದಲೇ ಮಳೆಯನ್ನು ಅಳೆಯುವ ನಮಗೆ ಈ ಇನ್ನೊಂದು ಫಸಲು ಕಣ್ಣಿಗೆ ಬೀಳುವುದೇ ಇಲ್ಲ. ಮರಿಗಳು ಹಾರುವವರೆಗಾದರೂ ಆ ಜಾಲಿಗೆ ಕೊಡಲಿ ಹಾಕಬೇಡಿರೆಂದು ಹೊಲದ ಹಿರಿಯರನ್ನು ಬೇಡಿಕೊಂಡು ಬಂದಿದ್ದೇನೆ.