ಸೀಟು ಸರಿ, ಪ್ರಯೋಗಾಲಯ ಯಾವಾಗ?

ಪಿಯುಸಿ ಮುಗಿಸಿ ನೀಟ್‌ಗಾಗಿ ಇನ್ನೊಂದು ವರ್ಷ 'ಲಾಂಗ್ ಟರ್ಮ್' ಕೂರುವ ಮಕ್ಕಳು ನಮ್ಮಲ್ಲಿ ಊರೂರಿಗೆ ಸಿಗುತ್ತಾರೆ. ಎರಡು ವರ್ಷ ಕೂತವರೂ ಇದ್ದಾರೆ. ವರ್ಷ ಹಾಳಾಯಿತೆಂದು ಯಾರೂ ಹಲುಬುವುದಿಲ್ಲ. ಆದರೆ ಸೀಟು ಸಿಕ್ಕ ಹುಡುಗಿಯೊಬ್ಬಳು 'ಒಂದು ವರ್ಷ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಆಮೇಲೆ ಎಂಬಿಬಿಎಸ್ ಸೇರುತ್ತೇನೆ' ಎಂದು ನೋಡಲಿ, ಮನೆಯಲ್ಲಿ ಎರಡು ದಿನ ಯಾರ ಗಂಟಲಲ್ಲೂ ಅನ್ನ ಇಳಿಯುವುದಿಲ್ಲ.

ಅವರ ಆತಂಕ ಸುಳ್ಳೇನಲ್ಲ. ನೀಟ್ ಅಂಕಕ್ಕೆ ಬೆಲೆ ಆ ವರ್ಷದ ಪ್ರವೇಶಕ್ಕಷ್ಟೇ. ಸೀಟನ್ನು ಮುಂದಿನ ವರ್ಷಕ್ಕೆ ಕಾದಿರಿಸುವ ಪದ್ಧತಿಯೇ ಇಲ್ಲ. 2024ರಲ್ಲಿ ಪರೀಕ್ಷೆ ಬರೆದವರು 23 ಲಕ್ಷಕ್ಕೂ ಹೆಚ್ಚು. ದೇಶದಲ್ಲಿರುವ ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ. 2022ರಲ್ಲಿ ಗರಿಷ್ಠ ವಯೋಮಿತಿ ತೆಗೆದದ್ದರಿಂದ ವಯಸ್ಸೀಗ ತೊಡಕಲ್ಲ, ಪೈಪೋಟಿಯೇ ತೊಡಕು. ಕೈಗೆ ಬಂದ ಸರ್ಕಾರಿ ಸೀಟು ಬಿಟ್ಟು ಮರುವರ್ಷ ಖಾಸಗಿ ಕಾಲೇಜಿನ ಶುಲ್ಕಕ್ಕೆ ಹೊಲ ಮಾರಬೇಕಾಗಿ ಬಂದರೆ, ಆ ಸಂಶೋಧನೆಯ ಖರ್ಚು ಹೊತ್ತವರು ಅಪ್ಪ ಅಮ್ಮನೇ ಅಲ್ಲವೆ?

ಅಮೆರಿಕದಲ್ಲಿ ಇದೇ ಪ್ರಶ್ನೆಯ ಸ್ವರೂಪ ಬೇರೆ. ಅಲ್ಲಿ ವೈದ್ಯಕೀಯ ಶಿಕ್ಷಣ ಶುರುವಾಗುವುದೇ ನಾಲ್ಕು ವರ್ಷದ ಪದವಿಯ ನಂತರ. ಪದವಿಗೂ ಮೆಡಿಕಲ್ ಸ್ಕೂಲಿಗೂ ನಡುವೆ ಒಂದೆರಡು ವರ್ಷ ಬಿಡುವು ಪಡೆದವರೇ ಈಗ ಹೆಚ್ಚು. ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನಲ್ಲಿ ಅಂಥವರಿಗೆಂದೇ ಭತ್ಯೆ ಸಹಿತ ತರಬೇತಿ ಇದೆ. ಸಿಕ್ಕ ಸೀಟನ್ನು ಒಂದು ವರ್ಷ ಮುಂದೂಡಲು ಹಲವು ಕಾಲೇಜುಗಳು ಒಪ್ಪುತ್ತವೆ. ಈ ಬಿಡುವಿನ ವರ್ಷಗಳಲ್ಲಿ ಬಹುಪಾಲು ಅರ್ಜಿಗೆ ಮೆರುಗು ಕೊಡಲೆಂದೇ ಕಳೆಯುತ್ತವೆ ಎಂಬುದು ನನ್ನ ಗುಮಾನಿ. ಅದನ್ನೆಲ್ಲ ವಿಜ್ಞಾನದ ಮೇಲಿನ ಪ್ರೀತಿ ಎಂದುಕೊಳ್ಳಬೇಕಿಲ್ಲ.

ಅದೇ ದೇಶದ ಇತಿಹಾಸ ಇನ್ನೊಂದು ಮಾತು ಹೇಳುತ್ತದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಯುವ ವೈದ್ಯರನ್ನೂ ಕಡ್ಡಾಯವಾಗಿ ಸೇನೆಗೆ ಕರೆಯಲಾಗುತ್ತಿತ್ತು. ಎನ್‌ಐಎಚ್‌ನಲ್ಲಿ ಸಂಶೋಧನೆ ಮಾಡಿದರೆ ಅದೂ ಸೇವೆಯೇ ಎಂದು ಲೆಕ್ಕಕ್ಕೆ ಬರುತ್ತಿತ್ತು. ರಾಬರ್ಟ್ ಲೆಫ್ಕೊವಿಟ್ಜ್ 1968ರಲ್ಲಿ ಅಲ್ಲಿಗೆ ಹೋದದ್ದು ಹಾಗೆ. ಅವರಿಗೆ ಬೇಕಿದ್ದದ್ದು ಹೃದ್ರೋಗ ತಜ್ಞನ ವೃತ್ತಿ. ಮೊದಲಲ್ಲಿ ಒಂದು ಪ್ರಯೋಗವೂ ಕೈಹಿಡಿಯಲಿಲ್ಲ. 2012ರಲ್ಲಿ ಅವರಿಗೆ ನೊಬೆಲ್ ಬಂತು. ಕೊಲೆಸ್ಟರಾಲ್ ಅಧ್ಯಯನಕ್ಕೆ 1985ರ ನೊಬೆಲ್ ಪಡೆದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್, 1989ರಲ್ಲಿ ಪಡೆದ ಹೆರಾಲ್ಡ್ ವಾರ್ಮಸ್ ಕೂಡ ಅದೇ ಕಾಲದಲ್ಲಿ ಅಲ್ಲಿದ್ದರು. (ವಾರ್ಮಸ್ ಮೆಡಿಕಲ್ ಸೇರುವ ಮೊದಲು ವರ್ಷ ಕಳೆದದ್ದೂ ನಿಜ, ಆದರೆ ಇಂಗ್ಲಿಷ್ ಸಾಹಿತ್ಯದ ಎಂ.ಎ. ತರಗತಿಯಲ್ಲಿ!) ನಾಲ್ವರೂ ಸಂಶೋಧನೆಗೆ ಇಳಿದದ್ದು ವೈದ್ಯರಾದ ಮೇಲೆ, ರೋಗಿಯ ನಾಡಿ ಹಿಡಿದ ಮೇಲೆ. ಯಾವ ಪ್ರಶ್ನೆಯ ಬೆನ್ನು ಹತ್ತಬೇಕೆಂಬುದು ವಾರ್ಡಿನಲ್ಲಿ ಓಡಾಡಿದವರಿಗೆ ಬೇಗ ಹೊಳೆಯುತ್ತದೆ.

ಹಾಗಾಗಿ ಹದಿನೆಂಟರ ವಿದ್ಯಾರ್ಥಿಗೆ ನನ್ನ ಉತ್ತರ ಸರಳ: ಸೀಟು ಬಿಡಬೇಡಿ, ಸೇರಿ. ಕಾಯಿಲೆಗಿಂತ ಜೀವಕೋಶದ ಮೇಲೆಯೇ ಮೋಹವಿದ್ದರೆ ಆ ಮಾತು ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ವಿಜ್ಞಾನ ಪದವಿ ಆರಂಭಿಸಿತು, ವಿಜ್ಞಾನ ಶಿಕ್ಷಣ, ಸಂಶೋಧನೆಯ ಐಸರ್‌ ಸಂಸ್ಥೆಗಳೂ ಇವೆ. ಅಂಥವರು ಎಂಬಿಬಿಎಸ್ಸನ್ನು ಮುಂದೂಡುವುದಲ್ಲ, ಪೂರ್ತಿ ಬಿಟ್ಟು ಅತ್ತ ಹೋಗುವುದೇ ಲೇಸು.

ಸೇರಿದ ಮೇಲೇನು ಎಂಬಲ್ಲಿ ನಮ್ಮ ವ್ಯವಸ್ಥೆ ಕೈಚೆಲ್ಲುತ್ತದೆ. 2005ರಿಂದ 2014ರವರೆಗಿನ ಪ್ರಕಟಣೆಗಳನ್ನು ಸಮೀರನ್ ನಂದಿ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದರು. 579 ವೈದ್ಯಕೀಯ ಸಂಸ್ಥೆಗಳ ಪೈಕಿ 332ರಿಂದ ಹತ್ತು ವರ್ಷದಲ್ಲಿ ಒಂದೇ ಒಂದು ಪ್ರಬಂಧವೂ ಬಂದಿರಲಿಲ್ಲ. ಅಂಥ ಕಾಲೇಜಿನಲ್ಲಿ ಐದೂವರೆ ವರ್ಷ ಕಳೆದವರಿಗೆ ಕುತೂಹಲ ಉಳಿದಿದ್ದರೆ ಅದೇ ಪವಾಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಿಂದ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಂಶೋಧನಾ ಭತ್ಯೆ ಕೊಡುತ್ತಿದೆ. ಒಳ್ಳೆಯದೇ, ಆದರೆ ಎರಡು ತಿಂಗಳಲ್ಲಿ ನೈತಿಕ ಸಮಿತಿಯ ಅನುಮತಿ ಕಾಗದ ಕೈಸೇರಿದರೆ ಪುಣ್ಯ. ಅಷ್ಟರಲ್ಲಿ ನೀಟ್ ಪಿಜಿ ತಯಾರಿ ಶುರುವಾಗಿ ಮತ್ತೆ ಬಹು ಆಯ್ಕೆ ಪ್ರಶ್ನೆಗಳ ಲೋಕ.

ವೈದ್ಯರು ಸಂಶೋಧನೆಯಿಂದ ದೂರ ಉಳಿದರೆ ತೆರಬೇಕಾದ ಬೆಲೆ ಮಲೆನಾಡಿನವರಿಗೆ ಗೊತ್ತು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಮಂಗನ ಕಾಯಿಲೆ ಪತ್ತೆಯಾದದ್ದು 1957ರಲ್ಲಿ. ಹಳೆಯ ಲಸಿಕೆಯ ಬಳಕೆ ನಿಂತಿದೆ, ಉಣ್ಣಿ ಕಚ್ಚುವುದು ನಿಂತಿಲ್ಲ. ಆ ಜ್ವರದ ರೋಗಿಗಳನ್ನು ನೋಡಿಕೊಳ್ಳುತ್ತಲೇ ಅದರ ಬಗ್ಗೆ ದುಡಿಯಬಲ್ಲ ವೈದ್ಯರು ಅದೇ ನೆಲದಲ್ಲಿ ಇನ್ನಷ್ಟು ಬೆಳೆಯಬೇಕಿತ್ತು.

ಬ್ರಿಟನ್ನಿನಲ್ಲಿ ಒಂದು ಹಳೆಯ ರೂಢಿ ಇದೆ. ವಿದ್ಯಾರ್ಥಿ ಎರಡನೆಯ ಅಥವಾ ಮೂರನೆಯ ವರ್ಷದ ನಂತರ ವೈದ್ಯಕೀಯ ಓದನ್ನು ಒಂದು ವರ್ಷ ನಿಲ್ಲಿಸಿ, ಒಂದು ವಿಷಯದಲ್ಲಿ ಸಂಶೋಧನೆ ಮಾಡಿ, ಪ್ರತ್ಯೇಕ ಪದವಿ ಪಡೆದು ಮರಳುತ್ತಾನೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಇಂಪೀರಿಯಲ್ ಕಾಲೇಜುಗಳ ಆರು ವರ್ಷದ ಕೋರ್ಸಿನಲ್ಲಿ ಅದು ಸೇರಿಯೇ ಇದೆ. ಸೀಟು ಹೋಗುವ ಭಯವಿಲ್ಲ. ನಮಗೆ ಒಗ್ಗುವುದು ಅಮೆರಿಕದ ಬಿಡುವಿಗಿಂತ ಇದು.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಎಂಬಿಬಿಎಸ್ ಮುಗಿಸಲು 2023ರ ನಿಯಮ ಒಂಬತ್ತು ವರ್ಷದ ಗಡುವು ಕೊಟ್ಟಿದೆ. ನಡುವೆ ಒಂದು ವರ್ಷಕ್ಕೆ ಜಾಗವಿದೆ. ಭಾರತೀಯ ವಿಜ್ಞಾನ ಸಂಸ್ಥೆ ಕಟ್ಟುತ್ತಿರುವ ವೈದ್ಯಕೀಯ ಶಾಲೆ ಸ್ನಾತಕೋತ್ತರದವರಿಗೆ, ಅಲ್ಲಿಯವರೆಗೆ ಕಾಯುವುದು ತಡ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮನಸ್ಸು ಮಾಡಿ, ರಾಷ್ಟ್ರೀಯ ವೈದ್ಯಕೀಯ ಆಯೋಗದ ಒಪ್ಪಿಗೆ ಪಡೆದು, ಸರ್ಕಾರಿ ಕಾಲೇಜುಗಳ ಐವತ್ತು ವಿದ್ಯಾರ್ಥಿಗಳನ್ನು ಎರಡನೆಯ ವರ್ಷದ ನಂತರ ನಿಮ್ಹಾನ್ಸ್, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್), ಭಾರತೀಯ ವಿಜ್ಞಾನ ಸಂಸ್ಥೆಗಳ ಪ್ರಯೋಗಾಲಯಗಳಿಗೆ ಕಳಿಸಲಿ. ಸೀಟು, ಹಾಸ್ಟೆಲ್ ಉಳಿಯಬೇಕು. ಶುಲ್ಕ ಕೇಳಬಾರದು, ತಿಂಗಳ ಭತ್ಯೆ ತಪ್ಪಬಾರದು. ಭತ್ಯೆ ಇಲ್ಲದಿದ್ದರೆ ಅರ್ಜಿ ಹಾಕುವವರು ಬೆಂಗಳೂರಿನ ಡಾಕ್ಟರ ಮಕ್ಕಳು ಮಾತ್ರ. ರಾಯಚೂರಿನ ಹುಡುಗ ಆ ಸುತ್ತೋಲೆಯನ್ನು ಓದುವ ಗೋಜಿಗೂ ಹೋಗುವುದಿಲ್ಲ.