ಬಿಡದೆ ಉಳಿದ ಬಾಣ

ಎರೆಹೊಲದ ಬಯಲಿನಲ್ಲಿ ಹುಟ್ಟಿದವರಿಗೆ ಬೆಟ್ಟವೆಂದರೆ ದೂರದ ನೀಲಿ ಗೆರೆ. ಹಗರಿಯ ಸೀಮೆಯ ನಮ್ಮ ಮೋಕದಲ್ಲಿ ಬೆಳೆದ ನನ್ನ ಚಿಕ್ಕಪ್ಪನ ಮಗ ಈಗ ಅಮೆರಿಕದ ಕೊಲೊರಾಡೊದಲ್ಲಿದ್ದಾನೆ. ಕಳೆದ ಬೇಸಗೆಯಲ್ಲಿ ಅವನಿಂದ ಬಂದ ಕಾಗದವೊಂದು ಮನೆಯ ನೆಮ್ಮದಿಯನ್ನೇ ಕದಡಿಬಿಟ್ಟಿತು. “ಅಣ್ಣಾ, ಸೆಪ್ಟೆಂಬರಿನಲ್ಲಿ ಬಿಲ್ಲು ಹಿಡಿದು ಜಿಂಕೆಯ ಬೇಟೆಗೆ ಹೊರಡುತ್ತೇನೆ. ದಾರಿ ತೋರುವವರಿಲ್ಲ, ಸಿದ್ಧತೆಯೆಲ್ಲ ನನ್ನದೇ. ಅವ್ವನಿಗೆ ನೀನೇ ಹೇಳಬೇಕು.”

ಹೇಳಿದೆ. ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: “ಅಲ್ಲಿ ಉಣ್ಣಾಕ ಬೇರೆ ಏನೂ ಸಿಗಲ್ಲೇನಪ್ಪಾ?”

ನಾನು ನಿರುತ್ತರನಾದೆ. ಪಂಪಭಾರತದ ಬೇಟೆಯ ವರ್ಣನೆಯನ್ನು ತರಗತಿಯಲ್ಲಿ ರಸವತ್ತಾಗಿ ವಿವರಿಸುವವನು ನಾನು. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಓಡುವ ಜಿಂಕೆಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ ಮೆಚ್ಚಿದವನು. ಆದರೆ ಕಾವ್ಯದ ಜಿಂಕೆಗೆ ನೆತ್ತರಿಲ್ಲ, ಕಲ್ಲಿನ ಜಿಂಕೆಗೆ ನೋವಿಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಂಥ ಬೇಟೆ ಅಪರಾಧ. ಸಂಡೂರಿನ ಗುಡ್ಡದಲ್ಲಿ ಯಾರಾದರೂ ಇದಕ್ಕೆ ಕೈಹಾಕಿದರೆ ಸೆರೆಮನೆಯ ದಾರಿ ಹಿಡಿಯಬೇಕಾದೀತು. ಕೊಲೊರಾಡೊದಲ್ಲಾದರೋ ಸರಕಾರವೇ ಅರ್ಜಿ ಪಡೆದು, ಚೀಟಿಯೆತ್ತಿ, ಇಷ್ಟೇ ಮಂದಿಗೆಂದು ಪರವಾನಗಿ ಕೊಡುತ್ತದೆ. 1949ರಿಂದ ಈಚೆಗೆ ಹುಟ್ಟಿದವರು ಮೊದಲು ಬೇಟೆಯ ಪಾಠ ಕಲಿತು ಪ್ರಮಾಣಪತ್ರ ಪಡೆದಿರಬೇಕು. ಕೊಂದ ಜಿಂಕೆಯ ತಿನ್ನತಕ್ಕ ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಡುವುದೂ ಅಪರಾಧವೇ.

ಆಮೇಲೆ ಬಂದ ಕಾಗದಗಳಲ್ಲಿ ಬಾಣದ ಮಾತು ಕಡಿಮೆ, ಬೆಟ್ಟದ ಮಾತೇ ಹೆಚ್ಚು. ನಕ್ಷೆಯಲ್ಲಿ ಎತ್ತರದ ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಕಡಿದಾದ ಇಳಿಜಾರು. ಮುಂಜಾನೆಯ ತಂಪಿನಲ್ಲಿ ಗಾಳಿ ಬೆಟ್ಟದಿಂದ ಕೆಳಗಿಳಿಯುತ್ತದೆ, ಬಿಸಿಲೇರಿದಂತೆ ಮೇಲಕ್ಕೇರುತ್ತದೆ. ಆದ್ದರಿಂದ ಹಗಲಿನಲ್ಲಿ ಜಿಂಕೆಯನ್ನು ಮೇಲಿನಿಂದಲೇ ಸಮೀಪಿಸಬೇಕು, ಇಲ್ಲವಾದರೆ ಮನುಷ್ಯನ ವಾಸನೆ ಅವನಿಗಿಂತ ಮೊದಲೇ ಅಲ್ಲಿಗೆ ಮುಟ್ಟುತ್ತದೆ. ಇಳಿಜಾರಿನಲ್ಲಿ ಗುರಿಯಿಡುವಾಗ ಓರೆಯಾಗಿ ಕಾಣುವ ದೂರವನ್ನಲ್ಲ, ಮಟ್ಟಸವಾದ ದೂರವನ್ನು ಲೆಕ್ಕ ಹಿಡಿಯಬೇಕು. ಬಾಣ ತಗುಲಿದರೂ ಒಡನೆಯೇ ಬೆನ್ನಟ್ಟದೆ ಕಾದು ಕುಳಿತು, ಬಳಿಕ ನೆತ್ತರಿನ ಜಾಡನ್ನು ಹಿಡಿಯಬೇಕು. ಮೂವತ್ತು ಗಜಕ್ಕಿಂತ ದೂರದಿಂದ ಬಾಣ ಬಿಡುವುದಿಲ್ಲವೆಂದು ಅವನು ತನಗೆ ತಾನೇ ಕಟ್ಟು ಹಾಕಿಕೊಂಡಿದ್ದ. ಯಾವ ಕಣಿವೆ, ಎಂದು ಮರಳುವುದು ಎಂಬುದನ್ನು ಗೆಳೆಯನೊಬ್ಬನಿಗೆ ಬರೆದುಕೊಟ್ಟಿದ್ದ. ಇದನ್ನು ಓದಿ ಹೇಳಿದ ರಾತ್ರಿ ಚಿಕ್ಕಮ್ಮ ಊಟ ಮಾಡಲಿಲ್ಲ. ಮರಳದಿದ್ದರೆ ಎಂಬ ಮಾತು ಆ ಏರ್ಪಾಡಿನಲ್ಲೇ ಅಡಗಿತ್ತಲ್ಲ!

ನಾಲ್ಕನೆಯ ದಿನ, ಹನ್ನೊಂದು ಸಾವಿರ ಅಡಿಯ ಎತ್ತರದಲ್ಲಿ, ಹೇಸರಗತ್ತೆಯಂಥ ಕಿವಿಯ ಗಂಡು ಜಿಂಕೆಯೊಂದು ಇಪ್ಪತ್ತೈದು ಗಜದಲ್ಲಿ ಅಡ್ಡಲಾಗಿ ನಿಂತಿತು. ಗಾಳಿ ಅನುಕೂಲವಾಗಿತ್ತು. ಅವನು ಹೆದೆಯೆಳೆದ. ಆಗ ಕಂಡದ್ದು ಅದರ ಹಿಂದಿನ ಕೊರಕಲು. ಗಾಯಗೊಂಡು ಅಲ್ಲಿಗೆ ಉರುಳಿದರೆ ಒಬ್ಬನೇ ಇಳಿದು ಮಾಂಸವನ್ನು ಹೊತ್ತು ತರುವುದು ಆಗದ ಕೆಲಸ. ಹೆದೆಯನ್ನು ಮೆಲ್ಲನೆ ಸಡಿಲಿಸಿದ. ಜಿಂಕೆ ತಲೆಯೆತ್ತಿ ನೋಡಿ, ಅವಸರವಿಲ್ಲದೆ ಹೊರಟುಹೋಯಿತು.

ಚಿಕ್ಕಮ್ಮನಿಗೆ ಇದನ್ನೂ ಓದಿ ಹೇಳಿದೆ. “ಹಂಗಾದ್ರ ಅಷ್ಟು ದೂರ ಯಾಕ ಹೋಗಿದ್ದ?” ಎಂದರು, ಆದರೆ ಅಂದು ಹೊಟ್ಟೆತುಂಬ ಉಂಡರು.

ಬಾಣ ಬಿಡುವುದನ್ನು ಕೆಲವು ತಿಂಗಳುಗಳಲ್ಲಿ ಕಲಿಯಬಹುದು. ಯಾವಾಗ ಬಿಡಬಾರದೆಂಬುದನ್ನು ಕಲಿಯಲು ಅವನಿಗೆ ಒಂದು ಬೆಟ್ಟವೇ ಬೇಕಾಯಿತು. ಈ ವರ್ಷವೂ ಅವನು ಅರ್ಜಿ ಹಾಕಿದ್ದಾನೆ. ಚಿಕ್ಕಮ್ಮನಿಗೆ ನಾನಿನ್ನೂ ಹೇಳಿಲ್ಲ.